ಪುಟ್ಟಸಿದ್ದಮ್ಮ ಮುಗಿಸಿದ ಮಾತು

ಭೀಮನಬೀಡಿನ ರವಿಕುಮಾರ ಮಹಿಳಾ ಅಧ್ಯಯನ ತೆಗೆದುಕೊಂಡದ್ದು ಬಸ್ಸಿನ ಕಾರಣಕ್ಕೆ. ಚಾಮರಾಜನಗರದ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದ ಅವನು ಕೊನೆಯ ವರ್ಷ ಕನ್ನಡ ಸಾಹಿತ್ಯದ ಜೊತೆಗೆ ಇನ್ನೊಂದು ವಿಷಯ ಆರಿಸಿಕೊಳ್ಳಬೇಕಿತ್ತು. ಪತ್ರಿಕೋದ್ಯಮದ ತರಗತಿ ಮುಗಿಯುತ್ತಿದ್ದುದು ಸಂಜೆ ಐದಕ್ಕೆ. ಅಷ್ಟು ಹೊತ್ತಿಗೆ ಹೊರಟರೆ ತೆರಕಣಾಂಬಿ ಮೇಲೆ ಗುಂಡ್ಲುಪೇಟೆ ಸೇರಿ, ಅಲ್ಲಿಂದ ಊರಿನ ಬಸ್ಸು ಹಿಡಿಯುವುದು ಆಗದ ಮಾತು. ಮಹಿಳಾ ಅಧ್ಯಯನ ಬೆಳಿಗ್ಗೆ ಹನ್ನೊಂದಕ್ಕೆ ಇತ್ತು. ಅರ್ಜಿಯಲ್ಲಿ ಅದರ ಮುಂದೆ ಗುರುತು ಹಾಕಿ ಕೊಟ್ಟುಬಿಟ್ಟ.

ಮೊದಲ ದಿನ ತರಗತಿಯ ಬಾಗಿಲಲ್ಲಿ ನಿಂತು ಒಳಗೆ ನೋಡಿದವನಿಗೆ ತಿರುಗಿ ಓಡಿಹೋಗಬೇಕು ಅನ್ನಿಸಿತು. ಒಳಗೆ ಹದಿನೇಳು ಹುಡುಗಿಯರು ಕೂತಿದ್ದರು. ಹುಡುಗ ಅಂತ ಅವನೊಬ್ಬನೇ. ಹಿಂದೆ ಕಾರಿಡಾರಿನಲ್ಲಿ ಅವನ ಗೆಳೆಯ ಶಶಿಕುಮಾರ ಆಗಲೇ ನಗುತ್ತ ನಿಂತಿದ್ದ.

“ಏನ್ಲಾ ರವಿ, ನಾಳಿಂದ ಜಡೆ ಆಕ್ಕಂಡು ಬತ್ತೀಯೇನ್ಲಾ?”

ರವಿ ಉತ್ತರ ಹುಡುಕುತ್ತಿರುವಾಗಲೇ ಬೆನ್ನ ಹಿಂದೆ ಒಂದು ಹೆಣ್ಣು ದನಿ ಕೇಳಿಸಿತು. “ಒಳಗೆ ಬರ್ತೀರಾ, ಇಲ್ಲ ದಾರಿ ಬಿಡ್ತೀರಾ?” ಪಾಠ ಮಾಡಲು ಬಂದಿದ್ದ ಮೆಹರ್ ಬಾನು ಮೇಡಂ ಅವರು. ರವಿ ದಡಬಡಿಸಿ ಒಳಗೆ ಹೋಗಿ ಕೊನೆಯ ಬೆಂಚಿನ ತುದಿಯಲ್ಲಿ ಕೂತ.

ಮೆಹರ್ ಬಾನು ಗುಂಡ್ಲುಪೇಟೆಯಲ್ಲಿ ಹಾಸಿಗೆ ಹೊಲಿಯುತ್ತಿದ್ದ ಮಹಮ್ಮದ್ ಇಸ್ಮಾಯಿಲ್ ಅವರ ಮಗಳು. ಮನೆಯಲ್ಲಿ ಉರ್ದು ಆಡಿಕೊಂಡು ಬೆಳೆದು, ಕನ್ನಡ ಎಂ.ಎ. ಮಾಡಿ, ಹದಿನೆಂಟು ವರ್ಷದಿಂದ ಪಾಠ ಹೇಳುತ್ತಿದ್ದವರು. ಅವರು ಪುಸ್ತಕ ತೆರೆಯಲಿಲ್ಲ. ಬೋರ್ಡಿನ ಮೇಲೆ ಒಂದು ಸಾಲು ಬರೆದರು: ‘ರಾಜನು ಊಟ ಮುಗಿಸಿ ಎದ್ದನು.’

“ಈ ವಾಕ್ಯದಲ್ಲಿ ಎಷ್ಟು ಜನ ಇದ್ದಾರೆ?” ಎಂದು ಕೇಳಿದರು.

“ಒಬ್ಬನೇ, ರಾಜ” ಅಂದ ರವಿ. ವ್ಯಾಕರಣದ ಪ್ರಶ್ನೆ ಅಂದುಕೊಂಡಿದ್ದ.

“ಅನ್ನ ಬೇಯಿಸಿದವಳು? ಎಲೆ ಹಾಸಿದವಳು? ಅವನು ಎದ್ದ ಮೇಲೆ ಎಂಜಲು ತೆಗೆದವಳು? ಅವರೆಲ್ಲ ಈ ಸಾಲಿನಲ್ಲೇ ಇದ್ದಾರೆ. ನಮಗೆ ಕಾಣುತ್ತಿಲ್ಲ ಅಷ್ಟೇ. ಈ ವರ್ಷ ನಾವು ಮಾಡಬೇಕಾದ ಕೆಲಸ ಅವರನ್ನು ಹುಡುಕುವುದು.”

ಅವತ್ತು ಬಸ್ಸಿನಲ್ಲಿ ಕೂತ ರವಿಗೆ ಕಿಟಕಿಯಾಚೆಯ ಯಾವುದೂ ಮೊದಲಿನಂತೆ ಕಾಣಲಿಲ್ಲ. ‘ಇಲ್ಲಿ ಊಟ ಸಿಗುತ್ತದೆ’ ಎಂಬ ಬೋರ್ಡು ಕಂಡರೆ ಒಳಗೆ ಬೇಯಿಸುತ್ತಿರುವವಳು ಯಾರು ಅನ್ನಿಸುತ್ತಿತ್ತು. ಆಮೇಲಿನ ವಾರಗಳಲ್ಲಿ ಇದು ಇನ್ನೂ ಜಾಸ್ತಿಯಾಯಿತು. ಒಂಬತ್ತು ಗಂಟೆಗೆ ಕನ್ನಡ ಸಾಹಿತ್ಯದ ಶಿವರುದ್ರಸ್ವಾಮಿ ಮೇಷ್ಟ್ರು ಹಳೆಯ ಪದ್ಯವೊಂದನ್ನು ರಾಗವಾಗಿ ಓದಿ ಅದರ ಸೊಗಸನ್ನು ಬಿಡಿಸಿ ಹೇಳುವರು. ಕಣ್ಣು ಮುಚ್ಚಿ ಕೇಳುವ ಹಾಗಿರುತ್ತಿತ್ತು ಅವರ ಪಾಠ. ಹನ್ನೊಂದಕ್ಕೆ ಮೆಹರ್ ಬಾನು ಮೇಡಂ ಅದೇ ಪದ್ಯ ತೆಗೆದುಕೊಂಡು, ಇದರಲ್ಲಿ ಮಾತಾಡದವರು ಯಾರು, ಯಾಕೆ ಮಾತಾಡಲಿಲ್ಲ ಎಂದು ಕೇಳುವರು. ಪದ್ಯದ ಸೊಗಸು ಹಾಗೇ ಉಳಿದು, ಅದರ ಅಡಿಯಲ್ಲಿ ಇನ್ನೊಂದು ಮನೆ ಕಂಡಂತಾಗುತ್ತಿತ್ತು. ರವಿ ಕೊನೆಯ ಬೆಂಚಿನಿಂದ ಎರಡನೇ ಬೆಂಚಿಗೆ ಬಂದ. ಶಶಿಕುಮಾರ ಜಡೆಯ ಮಾತು ಬಿಟ್ಟು, “ಇವತ್ತೇನ್ಲಾ ಏಳ್ಕೊಟ್ರು?” ಎಂದು ಕೇಳತೊಡಗಿದ.

ಆಗಸ್ಟ್ ತಿಂಗಳಲ್ಲಿ ಮೇಡಂ ಒಂದು ಕೆಲಸ ಕೊಟ್ಟರು.

“ಭಾನುವಾರ ಮನೆಯಲ್ಲಿ ಒಂದು ಗಂಟೆ ಕೂತ್ಕೊಳ್ಳಿ. ನಿಮ್ಮ ತಾಯಿಯೋ ಅಜ್ಜಿಯೋ ಶುರು ಮಾಡಿದ ಪ್ರತಿ ಮಾತನ್ನೂ ಬರೆದುಕೊಳ್ಳಿ. ಮಾತು ಮುಗಿದರೆ ಪೂರ್ಣವಿರಾಮ ಹಾಕಿ. ಮುಗಿಯದಿದ್ದರೆ ಮೂರು ಚುಕ್ಕಿ. ಮುಗಿಯದ್ದು ಯಾರಿಂದ ಅಂತ ಪಕ್ಕದಲ್ಲಿ ಬರೆಯಿರಿ. ಇಷ್ಟೇ.”

ಹುಡುಗಿಯರು ಮುಖ ಮುಖ ನೋಡಿಕೊಂಡರು. ಇದರಲ್ಲೇನಿದೆ ಅಂದುಕೊಂಡ ರವಿ.

ಭಾನುವಾರ ಬೆಳಿಗ್ಗೆ ನೋಟ್ ಬುಕ್ ಹಿಡಿದು ನಡುಮನೆಯಲ್ಲಿ ಕೂತ. ಮನೆಯಲ್ಲಿದ್ದವರು ನಾಲ್ಕೇ ಜನ. ಅಪ್ಪ ಪುಟ್ಟಮಾದಯ್ಯನಿಗೆ ಊರಿನಲ್ಲಿ ಒಳ್ಳೆ ಮಾತುಗಾರ ಎಂಬ ಹೆಸರು. ಟೀ ಅಂಗಡಿಯಲ್ಲಿ ಅವನು ಬಾಯಿ ತೆಗೆದರೆ ಬಸ್ಸಿಗೆ ಹೊರಟವರೂ ನಿಲ್ಲುತ್ತಿದ್ದರು. ತಾತ ದೊಡ್ಡಯ್ಯನಿಗೆ ಎಂಬತ್ತು ದಾಟಿತ್ತು, ಜಗಲಿಯ ಕಂಬಕ್ಕೆ ಒರಗಿ ಕೂತಿರುತ್ತಿದ್ದ. ಅವ್ವ ಪುಟ್ಟಸಿದ್ದಮ್ಮ ಕೂತದ್ದನ್ನು ರವಿ ಅಷ್ಟಾಗಿ ನೋಡಿರಲಿಲ್ಲ.

“ರವಿ, ನಿನ್ ಷರಟು...” ಎಂದಳು ಅವ್ವ. ಅಷ್ಟರಲ್ಲಿ ತಾತ ನೀರು ಕೇಳಿದ. ರವಿ ಮೂರು ಚುಕ್ಕಿ ಹಾಕಿದ.

“ಆ ಮೂಲೆಮನೆಯೋರ್ ಮಗ್ಳು ಬಂದವ್ಳಂತ, ಪಾಪ, ಅವ್ಳ್ಗ...”

“ಗುದ್ಲಿ ಎಲ್ಲಿಟ್ಟಿದ್ದಿಯೇ?” ಎಂದ ಅಪ್ಪ ಹಿತ್ತಲಿಂದ. ಮೂರು ಚುಕ್ಕಿ.

“ನಾನೂ ಅದ್ನೇ ಏಳಣ ಅಂತ...” ಫೋನು ಬಡಿದುಕೊಂಡಿತು. ಮೂರು ಚುಕ್ಕಿ.

ಹೀಗೇ ನಡೆಯಿತು. ಯಾರೂ ಗದರಲಿಲ್ಲ, ಯಾರೂ ಸಿಡುಕಲಿಲ್ಲ. ಅವ್ವನೂ ಬೇಸರ ಮಾಡಿಕೊಳ್ಳಲಿಲ್ಲ. ಮಾತು ನಿಂತ ಜಾಗದಲ್ಲೇ ಅದನ್ನು ಬಿಟ್ಟು ನೀರಿಗೆ, ಗುದ್ದಲಿಗೆ, ಒಲೆಗೆ ಎದ್ದು ಹೋಗುತ್ತಿದ್ದಳು. ಮತ್ತೆ ಅದೇ ಮಾತಿಗೆ ಬರುತ್ತಿರಲಿಲ್ಲ. ಮಾತಿನ ನಡುವೆ ಅಪ್ಪ, ಆನೆ ದಾಟದಂತೆ ಕಾಡಿನಂಚಿಗೆ ತೋಡಿದ ಕಂದಕ ಮುಂದಿನ ಹೊಲದ ಹತ್ತಿರ ಕುಸಿದಿದೆ, ಆ ವರ್ಷ ಬಂದ ಹಾಗೆ ಈ ವರ್ಷವೂ ಆನೆ ಬರುತ್ತದೆ ಅಂದ. ಹೂವು ತುಂಬುವ ಮಂಕರಿ ಕೊಡವುತ್ತಿದ್ದ ಅವ್ವ ತಲೆ ಎತ್ತಿದಳು.

“ಆವತ್ತು ಆನ ಮುಂದ ನಾನು...”

“ಅವ್ವಾ, ಒಸಿ ಕಾಫಿ ಕೊಡು” ಎಂದ ರವಿ.

ಬರೆಯುತ್ತಿದ್ದ ಕೈ ಅಲ್ಲೇ ನಿಂತಿತು. ಅವ್ವ ಆಗಲೇ ಅಡುಗೆಮನೆ ಸೇರಿದ್ದಳು. ಸಾಲಿನ ಕೊನೆಗೆ ಮೂರು ಚುಕ್ಕಿ ಇಟ್ಟು ಪಕ್ಕದಲ್ಲಿ ಅವನು ತನ್ನದೇ ಹೆಸರು ಬರೆದ.

ಗಂಟೆ ಮುಗಿದ ಮೇಲೆ ಎಣಿಸಿದ. ಅವ್ವ ಶುರು ಮಾಡಿದ್ದು ನಲವತ್ತಮೂರು ಮಾತು. ಮುಗಿಸಿದ್ದು ಏಳು. ಆ ಏಳರಲ್ಲಿ ಮೂರನ್ನು ಹಸುವಿಗೆ ಹೇಳಿದ್ದಳು. ನಿಂತುಹೋದವುಗಳಲ್ಲಿ ಒಂಬತ್ತು ರವಿಯಿಂದ. ನೋಟ್ ಬುಕ್ ಹಿಡಿದು ಅದಕ್ಕೆಂದೇ ಕೂತವನಿಂದಲೂ ಒಂಬತ್ತು.

ತರಗತಿಯಲ್ಲಿ ಒಬ್ಬೊಬ್ಬರೇ ಓದಿದರು. ಗುಂಡ್ಲುಪೇಟೆಯಿಂದ ಅವನ ಬಸ್ಸಿನಲ್ಲೇ ಬರುತ್ತಿದ್ದ ನಾಜ್ನೀನ್ ಎದ್ದು, “ಮೇಡಂ, ನಮ್ಮಮ್ಮ ಅಪ್ಪನ ಹತ್ರ ಉರ್ದುನಲ್ಲಿ ಶುರು ಮಾಡಿದ್ದನ್ನ ನಮ್ಮ ಅಂಗಡಿಗೆ ಬಂದೋರ ಹತ್ರ ಕನ್ನಡದಲ್ಲಿ ಮುಗಿಸ್ತಾರೆ. ಅದಕ್ಕೆ ಪೂರ್ಣವಿರಾಮ ಹಾಕ್ಲಾ?” ಎಂದು ಕೇಳಿದಳು. ಎಲ್ಲರೂ ನಕ್ಕರು. ಮೇಡಂ ನಗುತ್ತಲೇ, “ಹಾಕು. ಅವರು ದಾರಿ ಕಂಡುಕೊಂಡಿದ್ದಾರೆ” ಅಂದರು.

ರವಿ ಓದುವಾಗ ಯಾರೂ ನಗಲಿಲ್ಲ. ತನ್ನ ಒಂಬತ್ತನ್ನೂ ಅವನು ಮುಚ್ಚಿಡದೆ ಓದಿದ.

“ಆ ಆನೆಯ ಮಾತು ಏನಾಯ್ತು?” ಎಂದರು ಮೇಡಂ.

“ಗೊತ್ತಿಲ್ಲ ಮೇಡಂ.”

“ನಿಮ್ಮ ತಾಯಿಗೆ ಗೊತ್ತಿರುತ್ತೆ. ಹೋಗಿ ಕೇಳು. ಕೇಳುವಾಗ ಹೂಂಗುಟ್ಟು, ಮಾತಾಡಬೇಡ.”

ಆನೆ ಬಂದದ್ದು ರವಿಗೆ ಗೊತ್ತಿಲ್ಲದ್ದೇನಲ್ಲ. ಅವನು ಕೂಸಾಗಿದ್ದಾಗ ಕಾಡಿನಿಂದ ಒಂಟಿ ಆನೆಯೊಂದು ಹೊಲಕ್ಕೆ ನುಗ್ಗಿ ಎರಡು ಸಾಲು ಚೆಂಡು ಹೂವು ತುಳಿದು ಹೋಗಿತ್ತು. ಅಪ್ಪ ಅದರ ಹೆಜ್ಜೆಯನ್ನು ಗೇಣಿನಲ್ಲಿ ಅಳೆದಿದ್ದ. ಟೀ ಅಂಗಡಿಯಲ್ಲಿ ಆ ಕಥೆ ಇವತ್ತಿಗೂ ನಡೆಯುತ್ತಿತ್ತು. ಹೆಜ್ಜೆಯ ಅಳತೆ ವರ್ಷದಿಂದ ವರ್ಷಕ್ಕೆ ಒಂದೊಂದು ಬೆರಳು ಹೆಚ್ಚುತ್ತಿತ್ತು. ಆ ಕಥೆಯಲ್ಲಿ ಅವ್ವ ಇರಲಿಲ್ಲ.

ಕೇಳುವುದು ಅವನು ಅಂದುಕೊಂಡಷ್ಟು ಸುಲಭವಾಗಲಿಲ್ಲ. ಸೋಮವಾರ ಸಂಜೆ ಒಲೆಯ ಮುಂದೆ ಕೂತು ಕೇಳಿದ. “ಅದ್ಯಾವ್ ದೊಡ್ ಸುದ್ದಿ ಬುಡು” ಅಂದಳು ಅವ್ವ. ಮಂಗಳವಾರ ಕೇಳಿದಾಗ, “ನಿನ್ಗ ಯಾಕ್ಲಾ ಈಗ...” ಅನ್ನುವಷ್ಟರಲ್ಲಿ ಪಕ್ಕದ ಮನೆಯವರು ಮಜ್ಜಿಗೆಗೆ ಬಂದರು. ಬುಧವಾರ ಅವಳೇ ಶುರು ಮಾಡಿದಳು, ತಾತ ಕೆಮ್ಮಿದ. ರವಿಗೆ ಆಗ ಹೊಳೆಯಿತು: ಈ ಮನೆಯೊಳಗೆ ಅವ್ವ ಒಂದು ಮಾತು ಮುಗಿಸುವಷ್ಟು ಜಾಗವೇ ಇಲ್ಲ.

ಓಣಂ ಹತ್ತಿರವಾಗಿ ಕೇರಳದ ವ್ಯಾಪಾರಿಗಳು ಹೂವಿಗೆ ಬರುತ್ತಿದ್ದ ದಿನಗಳು. ಅವ್ವ ದಿನವೂ ಬೆಳಕು ಹರಿಯುವ ಹೊತ್ತಿಗೆ ಹೊಲಕ್ಕೆ ಹೋಗುತ್ತಿದ್ದಳು. ಶನಿವಾರ ರವಿಯೂ ಮಂಕರಿ ಹಿಡಿದು ಹೊರಟ. ಹೊಲದ ತುಂಬ ಹೂವು. ಮಂಜಿನಲ್ಲಿ ಹತ್ತಿರದ ಹೂವು ಕೇಸರಿಯಾಗಿ, ದೂರದ್ದು ಬೂದಿಯಾಗಿ ಕಾಣುತ್ತಿತ್ತು. ಇಬ್ಬರೂ ಅಕ್ಕಪಕ್ಕದ ಸಾಲು ಹಿಡಿದರು. ಸುತ್ತ ಯಾರೂ ಇರಲಿಲ್ಲ.

“ಅವ್ವ, ಆ ಆನೆದು ಏಳು. ಫೋನ್ನಲ್ಲಿ ರೆಕಾಡ್ ಮಾಡ್ಕತೀನಿ. ಮೇಡಂ ಕೇಳವ್ರೆ.”

“ನಿಮ್ ಮೇಡಂಗ ನನ್ ಮಾತ್ ಯಾಕ?” ಎಂದು ಅವ್ವ ಬಗ್ಗಿ ನಾಲ್ಕು ಹೂವು ಕಿತ್ತಳು. ಇನ್ನೂ ನಾಲ್ಕು ಕಿತ್ತಳು. ರವಿ ಸುಮ್ಮನಿದ್ದ. ಅವನು ಏನಾದರೂ ಅನ್ನಲಿ ಎಂದು ಕಾದು, ಅವನು ಏನೂ ಅನ್ನದ್ದರಿಂದ, ಅವ್ವ ಶುರು ಮಾಡಿದಳು.

“ನಿನ್ಗ ಆಗ ಎಂಟ್ ತಿಂಗ್ಳು ತುಂಬಿ, ಅಂಬೆಗಾಲ್ ಇಕ್ಕಕ್ಕೂ ಬರ್ದೆ ನನ್ ಸೊಂಟದ್ ಮ್ಯಾಲೇ ಇದ್ದು, ನಿಮ್ಮಪ್ಪ ಈರುಳ್ಳಿ ಚೀಲ ಏರ್ಕಂಡು ಪ್ಯಾಟಗ ಓಗಿ, ನಿಮ್ ತಾತ ಮಂಡಿ ನೋವು ಅಂತ ಮಲಗಿ, ಊವ ಕೀಳಕ್ಕ ಬತ್ತೀವಿ ಅಂದಿದ್ ಎಣ್ಣಾಳ್ಗಳೂ ಬರ್ದೆ, ಇನ್ನೇನ್ ಮಾಡದು ಒಬ್ಳೇ ಓಗನ ಅಂತ ನಿನ್ನ ಎತ್ಕಂಡು, ಒಂದ್ ಮಾರ್ ಆಚ್ಗ ಏನೂ ಕಾಣ್ದಿರೋ ಇಂತದೇ ಮಂಜ್ನಲ್ಲಿ ಇದೇ ಸಾಲ್ಗ ಬಂದು, ಮಂಕ್ರಿ ಇಳ್ಸಿ, ಒಂದ್ ಇಡಿ ಊವ ಕಿತ್ತು ತಲ ಎತ್ತುದ್ರ, ಅಗಾ ಆ ಉಣ್ಸೆ ಮರದ್ ತಾವ ಒಂದು ಬಂಡೆ ನಿಂತ್ಕಂಡು, ನಮ್ ಒಲ್ದಲ್ಲಿ ಬಂಡೆ ಎಲ್ಲಿತ್ತು ಅಂತ ನಾನು ಯೋಚ್ನ ಮಾಡೋ ಒತ್ಗೇ ಆ ಬಂಡೆ ಕಿವಿ ಬಡ್ದು...”

ಅವ್ವ ಉಸಿರು ತೆಗೆದುಕೊಂಡಳು. ರವಿಯ ಬಾಯಿಗೆ ‘ಆಮೇಲೆ?’ ಎಂಬ ಮಾತು ಬಂತು. ನುಂಗಿಕೊಂಡು “ಹೂಂ” ಅಂದ.

“...ಓಡನ ಅಂದ್ರ ನನ್ ಕಾಲು ನೀರ್ ಕುಡ್ದ ಕೆಸ್ರಲ್ಲಿ ಮಂಡಿಗಂಟ ಊತ್ಕಂಡು, ಕೂಗನ ಅಂದ್ರ ಕೂಗುದ್ರ ಮೈಮ್ಯಾಲ ಬತ್ತದ ಅಂತ ನಮ್ಮವ್ವ ಏಳಿದ್ದು ಗ್ಯಾಪ್ಕ ಬಂದು, ಅದು ಗಂಡೋ ಎಣ್ಣೋ ಅಂತ ನೋಡಕ್ಕೂ ನನ್ಗ ಜೀವ ಇಲ್ದೆ, ಅದು ಒಂದೊಂದೇ ಎಜ್ಜ ಇಕ್ಕಂಡು ಬಂದೂ ಬಂದೂ ಅದ್ರ ಉಸ್ರು ನನ್ ಮೊಕಕ್ಕ ಬಡ್ಯೋ ಅಷ್ಟತ್ರ ನಿಂತ್ಕಂಡಾಗ, ಅಪ್ಪ ಅನ್ನನೋ ಅವ್ವ ಅನ್ನನೋ ತಿಳೀದೆ ಬರೀ ‘ನೋಡು’ ಅಂದು, ಅಂದ್ಮ್ಯಾಲ ಬಾಯಿ ನಿಲ್ಲುಸುದ್ರ ಅದು ಮುಂದ್ಕ ಬಂದ್ಬುಟ್ಟದು ಅಂತ ಎದ್ರಿ, ನೋಡು ನಾನು ಈ ಊರೋಳಲ್ಲ ಉಮ್ಮತ್ತೂರೋಳು, ಏಳ್ನೇ ಕ್ಲಾಸ್ಲಿ ಇಸ್ಕೂಲ್ಗೇ ಮೊದಲ್ನೆಯೋಳು ಅಂತ ಏಳಿ, ಎಂಟ್ನೇ ಕ್ಲಾಸ್ಗ ಸೇರಿಸ್ದೆ ಕಳ ಕೀಳಕ್ಕ ಕಳ್ಸಿದ್ನ ಏಳಿ, ನಮ್ಮಕ್ಕ ಎರ್ಗೇಲಿ ಸತ್ತೋದಾಗ ನನ್ಗ ಎರಡ್ ದಿನ ಬುಟ್ಟು ತಿಳ್ಸಿ ಮೊಕಾನೂ ಕಾಣ್ದಂಗ ಮಾಡಿದ್ನ ಏಳಿ, ಈ ಊವ ನಾಟಿ ಮಾಡ್ದೋಳು ನಾನು, ಬಗ್ಗೀ ಬಗ್ಗೀ ನಡ ಓಯ್ತು, ಮಾರೋವಾಗ ಮಾತ್ರ ನನ್ನ ಯಾರೂ ಕೇಳಕಿಲ್ಲ ಅಂತ ಏಳಿ, ಈ ಕೂಸ್ಗ ಇನ್ನೂ ಎಸ್ರಿಕ್ಕಿಲ್ಲ, ನಮ್ಮನೆಯೋರು ಅವ್ರ ತಾತನ್ ಎಸ್ರು ಅಂತಾವ್ರೆ, ನನ್ಗ ರವಿ ಅಂತ ಇಕ್ಕಬೇಕು ಅಂತ ಆಸ, ಯಾರ್ಗೂ ಏಳಿಲ್ಲ ನಿನ್ಗೇ ಮೊದ್ಲು ಏಳ್ತಾ ಇವ್ನಿ ಅಂತ ಏಳಿ...”

“ಹೂಂ” ಅಂದ ರವಿ, ಕೀಳುವುದನ್ನು ಬಿಟ್ಟು ನಿಂತು.

“...ಇನ್ನು ಏಳಕ್ಕ ನನ್ ತಾವ ಏನೂ ಇಲ್ದಂಗ್ ಆಗಗಂಟ ಏಳಿ, ಅದು ಅಷ್ಟೊತ್ತೂ ಕಿವಿ ಅಲ್ಲಾಡಿಸ್ದೆ ಬಾಲ ಆಡಿಸ್ದೆ ನಿಂತ್ಕಂಡು ಕೇಳಿ, ನಾನು ಬಾಯಿ ಮುಚ್ಚುದ್ ಮ್ಯಾಲೂ ಇನ್ನೇನಾರ ಅದಾ ಅನ್ನಂಗ ಒಸಿ ಒತ್ತು ನನ್ನೇ ನೋಡಿ, ಆಮ್ಯಾಕ ಇಂದ್ಕ ತಿರುಗಿ, ತಿರುಗೋವಾಗ ಎರಡ್ ಸಾಲು ಊವ ಅಪ್ಪಚ್ಚಿ ಮಾಡ್ಬುಟ್ಟು, ಕಂದ್ಕದ್ ಕಡ ಓಯ್ತು.”

ಮಂಜು ಕರಗಿ ಹುಣಸೆ ಮರ ಪೂರ್ತಿ ಕಾಣುತ್ತಿತ್ತು. ಅವ್ವನ ಮಂಕರಿ ತುಂಬಿತ್ತು. ರವಿಯ ಮಂಕರಿಯಲ್ಲಿ ಹತ್ತೋ ಹನ್ನೆರಡೋ ಹೂವಿದ್ದವು. ಅವನು ಸಾಲಿನ ನಡುವೆ ನಿಂತೇ ಇದ್ದ. ಎದುರಿಗೆ ಬಗ್ಗಿ ಹೂವು ಕೀಳುತ್ತಿದ್ದ ಈ ಸಣ್ಣ ಹೆಂಗಸನ್ನು ಇಪ್ಪತ್ತೆರಡು ವರ್ಷ ದಿನಾ ನೋಡಿದ್ದೇನೆ, ಇವಳು ಯಾರೆಂದು ನನಗೆ ಗೊತ್ತೇ ಇರಲಿಲ್ಲವಲ್ಲ ಅಂದುಕೊಂಡ. ಆನೆಯ ಉಸಿರು ತಗುಲುವಾಗ ಅವಳ ಸೊಂಟದ ಮೇಲೆ ತಾನೂ ಇದ್ದ. ತನ್ನ ಹೆಸರನ್ನು ಮೊದಲು ಕೇಳಿದ್ದು ಆ ಆನೆ.

“ಊವ ಕೀಳ್ಲಾ, ಒತ್ತಾಯ್ತು” ಅಂದಳು ಅವ್ವ.

“ಯಾರ್ಗೂ ಯಾಕವ್ವ ಏಳ್ನಿಲ್ಲ?”

“ಏಳಕ್ಕ ಓದೆ ಕಣ. ನಾನು ಮನಗ ಓಗಿ ಕೆಸ್ರು ತೊಳ್ಕಳ ಒತ್ಗ ನಿಮ್ಮಪ್ಪ ಪ್ಯಾಟಿಂದ ಬಂದು ಒಲ್ದಲ್ಲಿ ಎಜ್ಜ ಅಳೀತಿದ್ರು. ಊರೇ ನೆರ್ದಿತ್ತು. ಆವತ್ತೇ ‘ಆನ ಮುಂದ ನಾನು’ ಅಂತ ಶುರು ಮಾಡ್ದೆ. ಎಲ್ರೂ ಗೇಣು ಲೆಕ್ಕ ಮಾಡ್ತಿದ್ರು.” ಅವಳು ನಕ್ಕಳು. “ಅದೊಂದೇ ಕಣ ಮಗ, ನಾನು ಮುಗ್ಸೋಗಂಟ ಕೇಳುದ್ದು.”

“ನನ್ ಎಸ್ರು?”

“ಆನಗ ಏಳ್ಬುಟ್ಟಿದ್ನಲ್ಲ, ಬದ್ಲಾಯ್ಸಕ್ಕ ಆಯ್ತದಾ? ನಾಮಕರಣದ್ ದಿನ ಅವ್ರು ಬಾಯಿ ತಗ್ಯೋಕ್ ಮುಂಚೆ ನಿನ್ ಕಿವೀಲಿ ಕೂಗ್ಬುಟ್ಟೆ.”

ಅವತ್ತು ಮಧ್ಯಾಹ್ನ ರವಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಅದನ್ನು ಬರೆಯಲು ಕೂತ. ಬರೆಯುತ್ತ ಬರೆಯುತ್ತ ಪೆನ್ನು ಎಲ್ಲಿ ನಿಲ್ಲಿಸಬೇಕೋ ತಿಳಿಯಲಿಲ್ಲ. ಎಲ್ಲಿಯೂ ಪೂರ್ಣವಿರಾಮ ಬೀಳುತ್ತಿರಲಿಲ್ಲ. ಬಂದು, ಹೋಗಿ, ನಿಂತು, ಹೇಳಿ, ಕೇಳಿ ಎಂದು ಒಂದು ಕ್ರಿಯಾಪದ ಇನ್ನೊಂದರ ಸೆರಗು ಹಿಡಿದು ನಡೆಯುತ್ತಲೇ ಇತ್ತು. ಮೂರು ಪುಟ ದಾಟಿ ನಾಲ್ಕನೆಯದರ ಅರ್ಧಕ್ಕೆ ‘ಓಯ್ತು’ ಎಂಬಲ್ಲಿ ಬಂದು ಮುಗಿಯಿತು. ಮೊದಲಿಂದ ಕೊನೆವರೆಗೆ ಒಂದೇ ವಾಕ್ಯ. ಮೂರನೇ ವರ್ಷ ಸಾಹಿತ್ಯ ಓದುತ್ತಿದ್ದ ರವಿ ಅಷ್ಟು ದೊಡ್ಡ ವಾಕ್ಯವನ್ನು, ಎಲ್ಲಿಯೂ ಎಡವದೆ ನಡೆದ ವಾಕ್ಯವನ್ನು ಕಂಡಿರಲಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಎರಡು ಕೈಯಲ್ಲೂ ಹೂವು ಕೀಳುತ್ತ, ಇದನ್ನು ಕಟ್ಟಿದ್ದಳು. ಅವನು ಮತ್ತೆ ಮತ್ತೆ ಓದಿದ. ಒಂದು ಪದವನ್ನೂ ಮುಟ್ಟಲು ಕೈ ಬರಲಿಲ್ಲ.

ಸೋಮವಾರ ತರಗತಿಯಲ್ಲಿ ಅವನು ಓದಲಿಲ್ಲ. ಫೋನನ್ನು ಮೇಜಿನ ಮೇಲಿಟ್ಟು ಅವ್ವನ ದನಿಯನ್ನೇ ಕೇಳಿಸಿದ. ಮುಗಿಯುವ ಹೊತ್ತಿಗೆ ಮೆಹರ್ ಬಾನು ಮೇಡಂ ಕಿಟಕಿಯ ಕಡೆ ತಿರುಗಿ ನಿಂತಿದ್ದರು.

“ಇನ್ನೊಂದು ಸಲ ಹಾಕು” ಅಂದರು.

ಎರಡನೇ ಸಲ ಮುಗಿದಾಗ ನಾಜ್ನೀನ್ ಮೆಲ್ಲಗೆ, “ಗಂಡೋ ಹೆಣ್ಣೋ ಗೊತ್ತಿಲ್ಲದೆ ಬರೀ ‘ನೋಡು’ ಅಂದ್ರಲ್ಲ ಮೇಡಂ” ಅಂದಳು.

“ಹದಿನೆಂಟು ವರ್ಷದಿಂದ ಈ ಪಾಠ ಹೇಳ್ತಿದ್ದೀನಿ” ಎಂದರು ಮೇಡಂ. “ಕೇಳಿಸಿಕೊಂಡರೆ ಏನು ಸಿಗಬಹುದು ಅಂತ ನನಗೂ ಇಷ್ಟು ಚೆನ್ನಾಗಿ ಗೊತ್ತಿರಲಿಲ್ಲ. ನಮ್ಮಮ್ಮ ಹಾಸಿಗೆಗೆ ಹತ್ತಿ ಬಿಡಿಸ್ತಾ ಏನೋ ಹೇಳೋರು. ನಾನು ಪರೀಕ್ಷೆಗೆ ಓದ್ಕೋಬೇಕು ಅಂತ ಬಾಗಿಲು ಹಾಕ್ಕೋತಿದ್ದೆ.” ರವಿಯ ಕಡೆ ತಿರುಗಿದರು. “ಇದನ್ನ ನಿನ್ನ ಪ್ರಾಜೆಕ್ಟ್ ಆಗಿ ಕೊಡು. ಆದರೆ ಮೇಲೆ ಅವರ ಹೆಸರು ಇರಬೇಕು. ಅವರನ್ನ ಕೇಳದೆ ಬೇರೆ ಯಾರಿಗೂ ಕೇಳಿಸಬೇಡ.”

ಹೀಗಾಗಿ ಆ ಸಂಜೆ ರವಿ ಅವ್ವನ ಒಪ್ಪಿಗೆ ಕೇಳಲು ಹಾಳೆ ಹಿಡಿದು ನಡುಮನೆಯಲ್ಲಿ ಕೂರಬೇಕಾಯಿತು. “ಬರ್ದಿದ್ದ ಓದು, ಕೇಳನ” ಅಂದಳು ಅವ್ವ, ಅಲಸಂದೆಕಾಯಿ ಸುಲಿಯುತ್ತ. ಅಪ್ಪ ಆಗಷ್ಟೇ ಟೀ ಅಂಗಡಿಯಿಂದ ಬಂದಿದ್ದ. ತಾತ ಕಂಬಕ್ಕೆ ಒರಗಿದ್ದ. ಬಂಡೆ ಕಿವಿ ಬಡಿದಲ್ಲಿಗೆ ಬರುವಾಗಲೇ ಅಪ್ಪ, “ಅಲ್ಲಾ, ಆ ಎಜ್ಜ...” ಎಂದು ಬಾಯಿ ತೆಗೆದ.

“ಸುಮ್ಕಿರ್ಲಾ ಮಾದ” ಎಂದ ತಾತ. “ನಡೀಲಿ ಮಗ.”

ಪುಟ್ಟಮಾದಯ್ಯ ಸುಮ್ಮನಾದ. ಅಕ್ಕನ ಮುಖ ಕಾಣಲು ಬಿಡದ ಮಾತು ಬಂದಾಗ ಕೂತಲ್ಲೇ ಮಿಸುಕಿದ. ಮಾರುವಾಗ ಕೇಳುವುದಿಲ್ಲ ಎಂಬಲ್ಲಿ ತಲೆ ತಗ್ಗಿಸಿದ. ಓದಿ ಮುಗಿದ ಮೇಲೆ ಊರಿಗೇ ಮಾತುಗಾರನಾದ ಆ ಮನುಷ್ಯ ಹೆಂಡತಿಯ ಕಡೆ ತಿರುಗಿ, ಹೊಸಬರನ್ನು ಮಾತಾಡಿಸುವವನಂತೆ ಕೇಳಿದ:

“ಕೂಸು ಅಳ್ನಿಲ್ವಾ?”

“ಇಲ್ಲ. ಅದ್ರ ಸೊಂಡ್ಲು ನೋಡ್ಕಂಡು ನಗ್ತಿತ್ತು.”

“ಆಮ್ಯಾಕ ನೀನು ಒಬ್ಳೇ ಮನಗ ಬಂದ್ಯಾ?”

“ಹೂಂ. ಕಾಲು ನಡ್ಗೋದು ನಿಂತ್ ಮ್ಯಾಲ.”

“ನಾನು ಕೇಳ್ನೇ ಇಲ್ವಲ್ಲ” ಅಂದ ಪುಟ್ಟಮಾದಯ್ಯ. ಅವ್ವ ಸುಲಿದ ಕಾಳನ್ನು ಮೊರಕ್ಕೆ ಸುರಿದಳು. ಅವನು ಮುಂದಕ್ಕೆ ಸರಿದು ಒಂದು ಹಿಡಿ ಅಲಸಂದೆಕಾಯಿ ತೆಗೆದುಕೊಂಡು ಸುಲಿಯತೊಡಗಿದ.

ಮನೆಯಲ್ಲಿ ಎಲ್ಲ ಬದಲಾಯಿತು ಎಂದೇನೂ ಅಲ್ಲ. ಮರುದಿನವೇ ತಾತ ನೀರು ಕೇಳಿದ, ಗುದ್ದಲಿಯೂ ಕಾಣೆಯಾಯಿತು. ಆದರೆ ಟೀ ಅಂಗಡಿಯಲ್ಲಿ ಆನೆಯ ಸುದ್ದಿ ಎದ್ದಾಗ ಪುಟ್ಟಮಾದಯ್ಯ, “ಅದ ನನ್ ಕೇಳ್ಬ್ಯಾಡಿ, ನನ್ ಎಂಡ್ತಿ ಕೇಳಿ. ನಾ ಇರ್ನಿಲ್ಲ” ಅನ್ನತೊಡಗಿದ. ಕೇಳಿದವರು ತಮಾಷೆ ಅಂದುಕೊಂಡರು.

ರವಿಯ ಪ್ರಾಜೆಕ್ಟಿನ ಮೊದಲ ಪುಟದಲ್ಲಿ ‘ಹೇಳಿದವರು: ಪುಟ್ಟಸಿದ್ದಮ್ಮ, ಭೀಮನಬೀಡು’ ಎಂದು ದಪ್ಪಕ್ಷರದಲ್ಲಿ ಬಂತು. ಕೆಳಗೆ ಸಣ್ಣದಾಗಿ ‘ಬರೆದುಕೊಂಡವನು’ ಎಂದು ಅವನ ಹೆಸರು. ಡಿಸೆಂಬರಿನಲ್ಲಿ ಮೇಡಂ ಅವಳನ್ನು ಕಾಲೇಜಿಗೆ ಕರೆದರು. ಅವಳು ಒಲ್ಲೆ ಅನ್ನಬಹುದು ಅಂದುಕೊಂಡಿದ್ದ ರವಿ. ಅವಳು ಪೆಟ್ಟಿಗೆಯಿಂದ ಒಳ್ಳೆ ಸೀರೆ ತೆಗೆದಳು.

ತರಗತಿಗೆ ಬಂದವಳು ಮೇಡಂ ತೋರಿಸಿದ ಕುರ್ಚಿಯಲ್ಲಿ ಕೂರಲಿಲ್ಲ. ಮುಂದಿನ ಬೆಂಚಿನ ಹತ್ತಿರ ಹೋಗಿ ಅದನ್ನು ಕೈಯಿಂದ ಸವರಿ, ನಾಜ್ನೀನ್ ಪಕ್ಕ ಕೂತಳು. ಹುಡುಗಿಯರು ಅವಳನ್ನೇ ನೋಡುತ್ತಿದ್ದರು. ಬಾಗಿಲಲ್ಲಿ ಶಶಿಕುಮಾರನೂ ಅವನ ಜೊತೆಯ ನಾಲ್ಕೈದು ಹುಡುಗರೂ ನಿಂತಿದ್ದರು. ಶಿವರುದ್ರಸ್ವಾಮಿ ಮೇಷ್ಟ್ರು ಹಿಂದಿನ ಸಾಲಿನಲ್ಲಿ ಬಂದು ಕೂತಿದ್ದರು.

“ಅಮ್ಮಾ, ಆ ಆನೆಯ ವಿಷಯ ನಮಗೊಮ್ಮೆ ಹೇಳ್ತೀರಾ?” ಎಂದು ಕೇಳಿದರು ಮೇಡಂ.

“ಅದ ಎಲ್ರೂ ಕೇಳ್ಬುಟ್ಟವ್ರಲ್ಲ ಮೇಡಮ್ಮ” ಎಂದಳು ಪುಟ್ಟಸಿದ್ದಮ್ಮ. ಒಂದು ಸಲ ಸುತ್ತ ನೋಡಿದಳು. ಯಾರೂ ಎದ್ದು ಹೋಗುವವರಿರಲಿಲ್ಲ, ಯಾರೂ ಏನೂ ಬೇಡುವವರಿರಲಿಲ್ಲ. ಸೆರಗು ಸರಿಮಾಡಿಕೊಂಡಳು. “ಬ್ಯಾರೆ ಏಳ್ತೀನಿ. ನನ್ಗಾಗ ಅದಿನಾಲ್ಕು ವರ್ಷ ಆಗಿ, ಉಮ್ಮತ್ತೂರ್ಲಿ ನಮ್ ಕೇರಿ ತಾವ ನಿಲ್ಲಿಸ್ದೇ ಓಯ್ತಿದ್ದ ಬಸ್ನ ನಾನೂ ಮೂರು ಎಣ್ಮಕ್ಳೂ ಸೇರ್ಕಂಡು ಒಂದಿನ ಅಡ್ಡ ನಿಂತು...”

ರವಿ ಎರಡನೇ ಬೆಂಚಿನಲ್ಲಿ ಮುಂದಕ್ಕೆ ಬಾಗಿದ. ಈ ಸುದ್ದಿಯೂ ಅವನಿಗೆ ಗೊತ್ತಿರಲಿಲ್ಲ.